ಟಗರು ದಪ್ಪಗಿತ್ತು, ಮಾಂಸದ ಮೇಲೆ ದೂರು ಬಂತು: ತಪ್ಪು ಎಲ್ಲಾಯಿತು ಎಂದು ಹುಡುಕುವ ಬಗೆ

ಮಾಂಸದ ಅಂಗಡಿಯಿಂದ ದೂರು ಬಂದ ತಕ್ಷಣ ಕುರಿ ಸಾಕುವವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಕೈತಿಂಡಿ (ಕಾಳು, ಹಿಂಡಿ, ಬೂಸಾ ಬೆರೆಸಿದ ತಿಂಡಿ) ಮೂಟೆಗೆ. ಹಿಂಡಿ ಜಾಸ್ತಿ ಮಾಡುತ್ತಾರೆ, ಜೋಳ ಕಡಿಮೆ ಮಾಡುತ್ತಾರೆ, ಇಲ್ಲವೇ ಬೇರೆ ಕಂಪನಿಯ ಮೂಟೆ ತರುತ್ತಾರೆ. ದುಡ್ಡು ಹೋಗುತ್ತದೆ, ದೂರು ಮಾತ್ರ ನಿಲ್ಲುವುದಿಲ್ಲ. ಏಕೆಂದರೆ ಮಾಂಸದ ಎಷ್ಟೋ ದೋಷಗಳು ಕೊನೆಯ ಒಂದೆರಡು ದಿನದಲ್ಲಿ ಹುಟ್ಟಿಕೊಳ್ಳುತ್ತವೆ. ಮೂರು ತಿಂಗಳು ಕಷ್ಟಪಟ್ಟು ಮೇಯಿಸಿದ ಮರಿಯ ಮಾಂಸ ಒಂದೇ ರಾತ್ರಿಯಲ್ಲಿ ಕೆಡಬಹುದು. ಹಾಗಾಗಿ ಮೂಟೆ ಮುಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ತಪ್ಪು ಯಾವಾಗ ಆಗಿದೆ? ಕೊಟ್ಟಿಗೆಯಲ್ಲಿ ಇದ್ದಾಗಲೋ, ಗಾಡಿ ಹತ್ತಿದ ಮೇಲೋ, ಕುಯ್ದ ಮೇಲೋ?

ಮಂಡ್ಯ, ತುಮಕೂರು, ಚಿತ್ರದುರ್ಗದ ಕಡೆ ಮರಿ ಕೊಂಡು ತಂದು, ಕೊಟ್ಟಿಗೆಯಲ್ಲೇ ಬೆಳೆಸಿ, ನೇರವಾಗಿ ಅಂಗಡಿಗೋ ಹೋಟೆಲ್‌ಗೋ ಕೊಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬಯಲಲ್ಲಿ ಮೇಯಿಸುವವರಿಗೂ ಅರ್ಧಕ್ಕರ್ಧ ಅನ್ವಯಿಸುತ್ತದೆ.

ಮೊದಲು ಎಣಿಸಿ, ಆಮೇಲೆ ನೋಡಿ

ಎಷ್ಟು ಕುರಿಯಲ್ಲಿ ದೋಷ ಕಂಡಿತು ಎನ್ನುವುದೇ ಮೊದಲ ಸುಳಿವು. ಒಂದೇ ಗಾಡಿಯಲ್ಲಿ ಹೋದ ಎಲ್ಲ ಮರಿಗಳ ಮೇಲೂ ದೂರು ಬಂದು, ಅದೇ ಕೊಟ್ಟಿಗೆಯಿಂದ ಹಿಂದಿನ ವಾರ ಹೋದವು ಚೆನ್ನಾಗಿದ್ದರೆ, ಗಾಡಿ ಮತ್ತು ಅಂಗಡಿಯ ಕಡೆ ನೋಡಿ. ಬೇರೆ ಬೇರೆ ಅಂಗಡಿಯವರು ವಾರ ವಾರವೂ ಒಂದೇ ಮಾತು ಹೇಳುತ್ತಿದ್ದರೆ ಆಹಾರದ ಮೇಲೆ ಅನುಮಾನ ಪಡಬಹುದು. ಹತ್ತರಲ್ಲಿ ಒಂದೋ ಎರಡೋ ಮಾತ್ರ ಕೆಟ್ಟಿದ್ದರೆ ರೋಗ, ಜಂತುಹುಳು ಅಥವಾ ವಯಸ್ಸು ಕಾರಣ ಇರುವ ಸಾಧ್ಯತೆ ಹೆಚ್ಚು.

ಫೋನಿನಲ್ಲಿ ಕೇಳಿದ್ದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ. ಮುಂದಿನ ಸಲ ಕುಯ್ಯುವಾಗ ನೀವೇ ಹೋಗಿ ನಿಲ್ಲಿ. ಚರ್ಮ ಸುಲಿದು ಹೊಟ್ಟೆ ಬಿಡಿಸಿದಾಗ ನಾಲ್ಕು ಕಡೆ ಕಣ್ಣು ಹಾಯಿಸಿ: ಮೂತ್ರಪಿಂಡದ ಸುತ್ತಲಿನ ಕೊಬ್ಬು, ಈಲಿ (ಲಿವರ್), ತೊಡೆಯ ಒಳಮೈ ಬಣ್ಣ, ಹೊಟ್ಟೆಯೊಳಗಿನ ಮೇವು. ಮೂತ್ರಪಿಂಡದ ಕೊಬ್ಬು ಬೆಳ್ಳಗೆ, ಗಟ್ಟಿಯಾಗಿ, ಒಡೆದರೆ ಪುಡಿಪುಡಿಯಾಗುವಂತೆ ಇದ್ದರೆ ಮರಿ ಚೆನ್ನಾಗಿ ತಿಂದಿದೆ ಎಂದರ್ಥ. ಅದೇ ಕೊಬ್ಬು ಲೋಳೆಯಂತೆ ಅಲುಗಾಡುತ್ತಿದ್ದರೆ, ಒದ್ದೆಯಾಗಿ ಹೊಳೆಯುತ್ತಿದ್ದರೆ, ಆ ಮರಿ ಬಹಳ ದಿನದಿಂದ ತನ್ನ ಕೊಬ್ಬನ್ನೇ ಕರಗಿಸಿಕೊಂಡು ಬದುಕಿದೆ. ಹೊರಗೆ ಉಣ್ಣೆ ಇದ್ದರೆ ಇದು ಕಾಣುವುದಿಲ್ಲ. ಸಂತೆಯಲ್ಲಿ ಅನುಭವಸ್ಥರು ಬೆನ್ನ ಮೇಲೆ, ಸೊಂಟದ ಹತ್ತಿರ ಬೆರಳೂರಿ ನೋಡುವುದು ಅದಕ್ಕೇ. ಬೆನ್ನುಮೂಳೆಯ ಏಣು ಚೂಪಾಗಿ ಕೈಗೆ ಸಿಕ್ಕರೆ ಆ ಮರಿಯನ್ನು ಇನ್ನೂ ಮಾರಬೇಡಿ.

ಮಾಂಸ ಕಪ್ಪಗಿದೆ, ಅಂಟಂಟಾಗಿದೆ

"ಗೌಡ್ರೇ, ಈ ಸಲ ನಿಮ್ಮ ಮರಿ ಕಪ್ಪು ಬಿತ್ತು. ಬೆಳಿಗ್ಗೆ ಕುಯ್ದಿದ್ದನ್ನ ಗಿರಾಕಿ ನಿನ್ನೇದು ಅಂತಾರೆ." ಇದು ಬಹಳ ಸಾಮಾನ್ಯ ದೂರು. ಜನ ಆಹಾರವನ್ನು ಸುಮ್ನೆ ಬೈಯುವುದೂ ಇಲ್ಲೇ ಜಾಸ್ತಿ.

ಆಗುವುದು ಹೀಗೆ. ಬದುಕಿರುವ ಕುರಿಯ ಸ್ನಾಯುವಿನಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಕುಯ್ದ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ ಮಾಂಸವನ್ನು ಸ್ವಲ್ಪ ಹುಳಿ ಮಾಡುತ್ತದೆ. ಜೀವ ಇರುವಾಗ 7ರ ಆಸುಪಾಸು ಇರುವ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 24 ಗಂಟೆಯೊಳಗೆ 5.4ರಿಂದ 5.8ರವರೆಗೆ ಇಳಿಯಬೇಕು. ಆಗಲೇ ಮಾಂಸಕ್ಕೆ ಒಳ್ಳೆಯ ಕೆಂಪು ಬಣ್ಣ ಬರುತ್ತದೆ, ಬೇಗ ಕೆಡುವುದೂ ಇಲ್ಲ. ದಾಸ್ತಾನು ಮುಂಚೆಯೇ ಖಾಲಿಯಾಗಿದ್ದರೆ ಆಮ್ಲ ಹುಟ್ಟುವುದಿಲ್ಲ. ಪಿಎಚ್ 6ರ ಮೇಲೇ ನಿಂತುಬಿಡುತ್ತದೆ. ಮಾಂಸ ಕಪ್ಪಗೆ, ಅಂಟಾಗಿ, ಮೇಲ್ಮೈ ಒಣಗಿದಂತೆ ಕಾಣುತ್ತದೆ. ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲವಾಗಿ ಬೇಗ ಹಳಸುತ್ತದೆ.

ಖಾಲಿ ಮಾಡುವುದು ಯಾವುದು? ಸಂಜೆಯಿಂದ ಬೆಳಗಿನವರೆಗೆ ಗಾಡಿಯಲ್ಲಿ ನಿಲ್ಲಿಸುವುದು. ನೀರು ಕೊಡದಿರುವುದು. ಬೇರೆ ಬೇರೆ ಊರಿನ ಟಗರುಗಳನ್ನು ಒಂದೇ ಕಡೆ ಕೂಡಿದರೆ ಅವು ರಾತ್ರಿಯೆಲ್ಲ ಗುದ್ದಾಡುತ್ತವೆ. ನಾಯಿ ಅಟ್ಟಿಸುವುದು, ಉಣ್ಣೆ ಹಿಡಿದು ಎಳೆದಾಡುವುದು, ಬಕ್ರೀದ್ ಹತ್ತಿರ ಬಂದಾಗ ಮಾರುವ ಹಿಂದಿನ ದಿನವೇ ತಣ್ಣೀರಲ್ಲಿ ತೊಳೆಯುವುದು, ಇವೂ ಸೇರುತ್ತವೆ. ಒಮ್ಮೆ ಖಾಲಿಯಾದ ಗ್ಲೈಕೋಜೆನ್ ಕುರಿಯಲ್ಲಿ ಮತ್ತೆ ತುಂಬಲು ಎರಡು ಮೂರು ದಿನ ಚೆನ್ನಾಗಿ ಮೇಯಬೇಕು. ಬೆಳಿಗ್ಗೆ ಇಳಿಸಿ ಒಂದು ಹಿಡಿ ಜೋಳ ಹಾಕಿದರೆ ಸರಿಹೋಗುವುದಿಲ್ಲ.

ಆಹಾರದ ಪಾಲು ಇಲ್ಲವೇ ಇಲ್ಲ ಎನ್ನುತ್ತಿಲ್ಲ. ಬೇಸಿಗೆಯಲ್ಲಿ ಬರೀ ರಾಗಿ ಹುಲ್ಲು, ಒಣ ಜೋಳದ ದಂಟು ತಿಂದ ಮರಿಯ ದಾಸ್ತಾನು ಮೊದಲೇ ಕಡಿಮೆ ಇರುತ್ತದೆ. ಅಂಥದ್ದು ಸಣ್ಣ ಪ್ರಯಾಣಕ್ಕೇ ಕಪ್ಪು ಬೀಳುತ್ತದೆ. ಎರಡನ್ನೂ ಬೇರ್ಪಡಿಸಲು ಒಂದು ಸರಳ ಪರೀಕ್ಷೆ ಇದೆ. ಒಂದೇ ಅಂಕಣದ ಮರಿಗಳನ್ನು ಎರಡು ಗುಂಪು ಮಾಡಿ. ಒಂದು ಗುಂಪನ್ನು ಎಂದಿನಂತೆ ಕಳಿಸಿ. ಇನ್ನೊಂದನ್ನು ಜೊತೆಯವರಿಂದ ಅಗಲಿಸದೆ, ತಂಪು ಹೊತ್ತಿನಲ್ಲಿ, ನೀರು ಕುಡಿಸಿ ಕಳಿಸಿ, ಅಂಗಡಿಯಲ್ಲೂ ಬೇರೆ ಟಗರಿನ ಜೊತೆ ಸೇರಿಸದಂತೆ ಕೇಳಿಕೊಳ್ಳಿ. ಎರಡನೇ ಗುಂಪು ಕೆಂಪಾಗಿ ಬಂದರೆ ನಿಮ್ಮ ಕೈತಿಂಡಿ ಸರಿಯಾಗಿಯೇ ಇದೆ. ಎರಡೂ ಕಪ್ಪಾದರೆ ಕೊನೆಯ ಮೂರ್ನಾಲ್ಕು ವಾರದ ಮೇವಿನಲ್ಲಿ ಶಕ್ತಿ ಸಾಲುತ್ತಿಲ್ಲ. ನಿಖರವಾಗಿ ಬೇಕೆಂದರೆ ಮಾಂಸಕ್ಕೆ ಚುಚ್ಚುವ ಪಿಎಚ್ ಮೀಟರ್ ಇದೆ. ದೊಡ್ಡ ಪ್ರಮಾಣದಲ್ಲಿ ಹೋಟೆಲ್‌ಗೆ ಕೊಡುವವರು ಒಂದು ಇಟ್ಟುಕೊಂಡರೆ ಖರ್ಚು ವ್ಯರ್ಥವಲ್ಲ.

ಕುಯ್ಯುವ ಮುಂಚೆ ಸುಮಾರು 12 ಗಂಟೆ ಮೇವು ನಿಲ್ಲಿಸುವುದು ಸರಿ. ನೀರು ಮಾತ್ರ ಕೊನೆಯವರೆಗೂ ಇರಲೇಬೇಕು.

ಬೇಯುವುದೇ ಇಲ್ಲ, ರಬ್ಬರಿನಂತಿದೆ

ಮೊದಲು ಹಲ್ಲು ನೋಡಿ. ಹಾಲುಹಲ್ಲಿನ ಮರಿ ಸಾಮಾನ್ಯವಾಗಿ ಒಂದು ವರ್ಷದ ಒಳಗಿನದು. ಎರಡು ಹಲ್ಲು ಬಿದ್ದು ಹುಟ್ಟಿದ್ದರೆ ವರ್ಷ ದಾಟಿದೆ. ಆರು ಹಲ್ಲಿನ, ಇಲ್ಲವೇ ಎಲ್ಲ ಹಲ್ಲೂ ಹುಟ್ಟಿ ಬಾಯಿ ಕೂಡಿದ ಟಗರಿನ ಮಾಂಸ ಬೇಯಲು ಹೊತ್ತು ಬೇಕೇ ಬೇಕು. ಅದು ದೋಷವಲ್ಲ, ವಯಸ್ಸು.

ಎಳೆ ಮರಿಯೇ ಗಟ್ಟಿಯಾಗಿದ್ದರೆ ಅಂಗಡಿಯ ಫ್ರಿಜ್ ಕಡೆ ನೋಡಿ. ಸುಲಿದ ಮೈ ಇನ್ನೂ ಬೆಚ್ಚಗಿರುವಾಗಲೇ ಡೀಪ್ ಫ್ರೀಜರ್‌ಗೆ ತಳ್ಳಿದರೆ ಸ್ನಾಯು ಸೆಟೆದುಕೊಳ್ಳುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಮೆತ್ತಗಾಗುವುದು ಕಷ್ಟ. ಮೈ ಮೇಲೆ ಕೊಬ್ಬಿನ ಪದರ ತೆಳ್ಳಗಿರುವ ಸಣ್ಣ ಮರಿಗಳಲ್ಲಿ ಇದು ಇನ್ನೂ ಜಾಸ್ತಿ, ಏಕೆಂದರೆ ಅವು ಬೇಗ ತಣ್ಣಗಾಗುತ್ತವೆ. ತಂಪುಕೋಣೆ ಇರುವವರು ಮೊದಲ 10 ಗಂಟೆ ಮಾಂಸವನ್ನು 10 ಡಿಗ್ರಿಗಿಂತ ಕೆಳಗೆ ಇಳಿಸಬಾರದು. ಆಮೇಲೆ 0ರಿಂದ 4 ಡಿಗ್ರಿಯಲ್ಲಿ ಒಂದು ದಿನ ತೂಗುಹಾಕಿದರೆ ಮಾಂಸ ತಾನಾಗಿಯೇ ಮೆದುವಾಗುತ್ತದೆ. ತಂಪುಕೋಣೆ ಇಲ್ಲದ ಊರಿನ ಅಂಗಡಿಯಲ್ಲಿ ಹೊರಗೆ ತೂಗುಹಾಕಿ ಕಾಯುವುದು ಬೇಡ. ಕುಯ್ದ ಒಂದೆರಡು ಗಂಟೆಯಲ್ಲಿ ಒಲೆಗೆ ಏರುವ ಮಾಂಸ ಚೆನ್ನಾಗಿಯೇ ಬೇಯುತ್ತದೆ. ಅದು ಸೆಟೆದ ಹೊತ್ತಿನಲ್ಲಿ, ಅಂದರೆ ಕೆಲವು ಗಂಟೆ ಕಳೆದ ಮೇಲೆ ಬೇಯಿಸಿದಾಗಲೇ ರಬ್ಬರಿನಂತೆ ಆಗುವುದು. ಗಿರಾಕಿ ಎಷ್ಟು ಹೊತ್ತಿಗೆ ಒಯ್ದರು, ಎಷ್ಟು ಹೊತ್ತಿಗೆ ಬೇಯಿಸಿದರು ಅಂತ ಕೇಳಿ. ಎಷ್ಟೋ ದೂರಿಗೆ ಉತ್ತರ ಅಲ್ಲೇ ಸಿಗುತ್ತದೆ.

ತೂಕ ಇತ್ತು, ಮಾಂಸ ಬರಲಿಲ್ಲ

30 ಕೆಜಿ ಮರಿಯಿಂದ 12 ಕೆಜಿ ಮಾತ್ರ ಬಂತು ಎಂದರೆ ಶೇಕಡಾ 40. ಕೈತಿಂಡಿ ತಿಂದ ಮರಿಯಿಂದ 14ರ ಹತ್ತಿರ ಬರಬೇಕು. ಒಮ್ಮೊಮ್ಮೆ ಇನ್ನೂ ಸ್ವಲ್ಪ ಹೆಚ್ಚು. ಉಳಿದದ್ದು ಎಲ್ಲಿ ಹೋಯಿತು?

ಮೊದಲ ಅನುಮಾನ ಹೊಟ್ಟೆಯ ಮೇಲೆ. ಬರೀ ಒಣ ಮೇವು ತಿಂದ ಕುರಿಯ ಹೊಟ್ಟೆ ಯಾವಾಗಲೂ ತುಂಬಿರುತ್ತದೆ, ತಕ್ಕಡಿಯಲ್ಲಿ ಅದೂ ಸೇರುತ್ತದೆ. ಮಾರುವ ದಿನ ಉಪ್ಪು ತಿನ್ನಿಸಿ ನೀರು ಕುಡಿಸಿ ತೂಗುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಂದು ಸಲ ಗೊತ್ತಾದರೆ ಆ ಅಂಗಡಿಯವರು ಮತ್ತೆ ನಿಮ್ಮ ಹಟ್ಟಿಯ ಕಡೆ ಬರುವುದಿಲ್ಲ. ಎರಡನೆಯದು ಪ್ರಯಾಣ. ಒಂದು ದಿನ ಮೇವು ನೀರಿಲ್ಲದೆ ನಿಂತ ಕುರಿ ತನ್ನ ತೂಕದ ಶೇಕಡಾ 5ರಿಂದ 8ರಷ್ಟು ಕಳೆದುಕೊಳ್ಳಬಹುದು. ಮೊದಲು ಹೊಟ್ಟೆಯದ್ದು ಹೋಗುತ್ತದೆ, ಇನ್ನೂ ತಡವಾದರೆ ಮಾಂಸದ್ದೇ ಹೋಗುತ್ತದೆ. ನಿಮ್ಮ ಕೊಟ್ಟಿಗೆಯ ತೂಕವನ್ನೂ ಅಂಗಡಿಯ ತೂಕವನ್ನೂ ಎರಡು ಕಡೆ ಬರೆದಿಟ್ಟರೆ ಜಗಳಕ್ಕೆ ಜಾಗವೇ ಇರುವುದಿಲ್ಲ.

ಇವೆರಡೂ ಸರಿಯಿದ್ದರೆ ಜಂತುಹುಳು. ಕೆಳರೆಪ್ಪೆ ಎಳೆದು ನೋಡಿ. ಒಳಗೆ ಗುಲಾಬಿಯಂತೆ ಕೆಂಪಿರಬೇಕು. ಬಿಳಿಚಿದ್ದರೆ, ದವಡೆಯ ಕೆಳಗೆ ನೀರು ತುಂಬಿದಂತೆ ಊದಿದ್ದರೆ, ಹೊಟ್ಟೆಯಲ್ಲಿ ರಕ್ತ ಹೀರುವ ಹುಳು ಇರುವ ಸಾಧ್ಯತೆ ಹೆಚ್ಚು. ಅಂಥ ಕುರಿಯ ಮಾಂಸ ಪೆಚ್ಚಗೆ, ನೀರು ನೀರಾಗಿರುತ್ತದೆ, ಕೊಬ್ಬು ಲೋಳೆಯಾಗಿರುತ್ತದೆ. ಇದಕ್ಕೆ ಎಷ್ಟು ಹಿಂಡಿ ಹಾಕಿದರೂ ಹುಳುವಿನ ಪಾಲು. ಲದ್ದಿ ಪರೀಕ್ಷೆ ಮಾಡಿಸಿ ಔಷಧಿ ಕೊಡಿ. ಎಲ್ಲಕ್ಕೂ ಒಂದೇ ಔಷಧಿಯನ್ನು ತಿಂಗಳು ತಿಂಗಳು ಕುಡಿಸಿದರೆ ಹುಳು ಅದಕ್ಕೆ ಒಗ್ಗಿಬಿಡುತ್ತದೆ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಕುಯ್ಯಬಾರದು ಎಂದು ಬಾಟಲಿ ಮೇಲೆ ಬರೆದಿರುತ್ತದೆ. ಅಷ್ಟು ದಿನ ಕಾಯಿರಿ, ತಿನ್ನುವವರು ನಮ್ಮವರೇ ಅಲ್ವಾ.

ಕೊಬ್ಬಿನ ದೂರುಗಳು

ಕೊಬ್ಬು ಜಾಸ್ತಿ, ಮಾಂಸ ಕಡಿಮೆ ಎಂದರೆ ಜೋಳ ಹೆಚ್ಚಾಗಿ ಪ್ರೋಟೀನ್ ಕಡಿಮೆಯಾಗಿದೆ. ಬೆಳೆಯುವ ಮರಿಗೆ ಒಟ್ಟು ಆಹಾರದಲ್ಲಿ ಶೇಕಡಾ 14ರಿಂದ 16 ಪ್ರೋಟೀನ್ ಬೇಕು. ಅದು ಸಿಗದೆ ಶಕ್ತಿ ಮಾತ್ರ ಸಿಕ್ಕರೆ ಮೈಗೆ ಮಾಂಸ ಕಟ್ಟಲು ಆಗದೆ ಹೊಟ್ಟೆಯೊಳಗೆ ಕೊಬ್ಬು ಕೂಡುತ್ತದೆ. ಮನೆಯಲ್ಲೇ ಮಾಡುವ ಮಿಶ್ರಣಕ್ಕೆ ನಾನು ಹೇಳುವ ಲೆಕ್ಕ: 100 ಕೆಜಿಗೆ ಮುಸುಕಿನ ಜೋಳ 40, ಕಡಲೆಕಾಯಿ ಹಿಂಡಿ 22, ತೊಗರಿ ಚುನ್ನಿ 20, ಗೋಧಿ ಬೂಸಾ 15, ಕುರಿಗೆಂದೇ ಮಾಡಿದ ಖನಿಜ ಮಿಶ್ರಣ 2, ಉಪ್ಪು 1. 20 ಕೆಜಿ ಮರಿಗೆ ದಿನಕ್ಕೆ 300 ಗ್ರಾಂ, ಜೊತೆಗೆ ಒಂದೂವರೆ ಕೆಜಿ ಹಸಿ ಮೇವು, 200 ಗ್ರಾಂ ಹುರುಳಿ ಅಥವಾ ಶೇಂಗಾ ಹೊಟ್ಟು. ರೇಷ್ಮೆ ಬೆಳೆಯುವ ಮನೆಗಳಲ್ಲಿ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು ಸಿಗುತ್ತದೆ. ಅದರಲ್ಲಿ ಪ್ರೋಟೀನ್ ಚೆನ್ನಾಗಿದೆ, ಹಿಂಡಿ ಅಷ್ಟು ಕಡಿಮೆ ಸಾಕು. ರೇಷ್ಮೆಹುಳುವಿನ ಹಾಸಿಗೆಗೆ ಉದುರಿಸಿದ ಸುಣ್ಣ, ಔಷಧಿ ಪುಡಿ ಅಂಟಿದ ಸೊಪ್ಪನ್ನು ಮಾತ್ರ ಹಾಕಬೇಡಿ. ಹಿಂಡಿಯಲ್ಲಿ ಬೂಷ್ಟು ಕಂಡರೆ ಆ ಮೂಟೆ ತಿಪ್ಪೆಗೆ ಹೋಗಬೇಕು.

ಕೊಬ್ಬು ಎಣ್ಣೆಯಂತೆ ಮೆತ್ತಗಿದೆ, ತಣ್ಣಗಾದರೂ ಗಟ್ಟಿಯಾಗುವುದಿಲ್ಲ ಎನ್ನುವುದು ಬೇರೆ ದೋಷ. ನುಣ್ಣಗೆ ಬೀಸಿದ ಜೋಳವನ್ನು ಮಿತಿಮೀರಿ ತಿಂದ ಮರಿಗಳಲ್ಲಿ ಬರುತ್ತದೆ, ಬೀಜದ ಟಗರುಮರಿಗಳಲ್ಲಿ ಹೆಚ್ಚು. ಹೊಟ್ಟೆಯಲ್ಲಿ ಹಿಟ್ಟು ಬೇಗ ಹುದುಗಿ ಪ್ರೊಪಿಯಾನಿಕ್ ಆಮ್ಲ ಅತಿಯಾಗುತ್ತದೆ, ಅದರಿಂದ ಕೊಬ್ಬಿನ ಸ್ವರೂಪವೇ ಬದಲಾಗುತ್ತದೆ. ಬೀಸಿದ ಹಿಟ್ಟು ಬಿಟ್ಟು ಇಡೀ ಕಾಳು ಕೊಡಿ. ಕುರಿ ಅಗಿದು ತಿನ್ನುತ್ತದೆ, ಮೆಲುಕು ಹಾಕುತ್ತದೆ, ಜೊಲ್ಲು ಜಾಸ್ತಿ ಬರುತ್ತದೆ, ಹೊಟ್ಟೆ ಹುಳಿಯಾಗುವುದೂ ತಪ್ಪುತ್ತದೆ. ಕಾಳಿನ ಪ್ರಮಾಣ ಒಟ್ಟು ಆಹಾರದ ಅರ್ಧ ದಾಟದಿರಲಿ. ಹೊಸದಾಗಿ ಕಾಳು ಶುರುಮಾಡುವಾಗ 50 ಗ್ರಾಂನಿಂದ ಆರಂಭಿಸಿ ಎರಡು ಮೂರು ವಾರದಲ್ಲಿ ಪೂರ್ತಿಗೆ ಬನ್ನಿ. ಲದ್ದಿ ಗಂಜಿಯಂತಾಗಿ ಹುಳಿ ವಾಸನೆ ಬಂದರೆ ಏರಿಸಿದ್ದು ಜೋರಾಯಿತು ಎಂದು ತಿಳಿಯಿರಿ.

ಬನ್ನೂರು ಕುರಿಯ ಬಗ್ಗೆ ಒಂದು ಮಾತು. ಗಿಡ್ಡ ಕಾಲು, ಹಿಂದಿನಿಂದ ನೋಡಿದರೆ ತಲೆಕೆಳಗಾದ ಯು ಆಕಾರದ ತುಂಬಿದ ತೊಡೆ, ಮಾಂಸದ ಎಳೆಗಳ ನಡುವೆಯೇ ಸೇರಿಕೊಂಡ ಕೊಬ್ಬು: ಆ ರುಚಿ ತಳಿಯದು. ಕೆಂಗುರಿಗೋ ಡೆಕ್ಕನಿಗೋ ಅದೇ ಕೈತಿಂಡಿ ಹಾಕಿ ಬನ್ನೂರಿನ ರುಚಿ ಬರಲಿಲ್ಲ ಎಂದು ಮಿಶ್ರಣ ಬದಲಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ. ಬನ್ನೂರು ಮರಿಯೇ ಆದರೂ ಅವಸರಕ್ಕೆ ಎಳೆಯದನ್ನು ಕುಯ್ದರೆ ಆ ರುಚಿ ಸಿಗದು. ಎಳೆಗಳ ನಡುವಿನ ಕೊಬ್ಬು ಕೂಡುವುದು ಎಲ್ಲಕ್ಕಿಂತ ಕೊನೆಗೆ.

ಹಳದಿ: ಇಲ್ಲಿ ತಡ ಮಾಡಬೇಡಿ

ಕುರಿಯ ಕೊಬ್ಬು ಬೆಳ್ಳಗಿರಬೇಕು. ಹಸಿರು ಮೇವಿನ ಹಳದಿ ಬಣ್ಣ ಹಸುವಿನ ಕೊಬ್ಬಿಗೆ ಇಳಿದಂತೆ ಕುರಿಯ ಕೊಬ್ಬಿಗೆ ಸಾಮಾನ್ಯವಾಗಿ ಇಳಿಯುವುದಿಲ್ಲ. ಅಪರೂಪಕ್ಕೆ ಹುಟ್ಟಿನಿಂದಲೇ ಹಳದಿ ಕೊಬ್ಬಿನ ಕುರಿ ಇರುತ್ತವೆ, ಅವುಗಳಲ್ಲಿ ಕೊಬ್ಬು ಮಾತ್ರ ಹಳದಿ. ಕೊಬ್ಬಿನ ಜೊತೆಗೆ ಕಣ್ಣಿನ ಬಿಳಿಭಾಗ, ಮಾಂಸವನ್ನು ಮೂಳೆಗೆ ಕಟ್ಟುವ ಬಿಳಿ ನಾರು, ದೊಡ್ಡ ರಕ್ತನಾಳದ ಒಳಮೈ ಎಲ್ಲ ಹಳದಿಯಾಗಿದ್ದರೆ ಅದು ಕಾಮಾಲೆ. ಅಂಥ ಮಾಂಸವನ್ನು ಮಾರಲೇಬಾರದು.

ಕಾಮಾಲೆಗೆ ಹಲವು ಕಾರಣ. ಕಾಡಂಚಿನಲ್ಲಿ ಮೇಯುವ ಕುರಿ ಬರಗಾಲದಲ್ಲಿ ಲಂಟಾನ ತಿಂದಿರಬಹುದು. ಕೆರೆ ಬಯಲಿನಲ್ಲಿ ಮೇದಿದ್ದರೆ ಈಲಿಯ ಚಪ್ಪಟೆ ಹುಳು. ಮೈಗಂಟಿ ರಕ್ತ ಹೀರುವ ಉಣುಗು (ಉಣ್ಣೆಹುಳು) ಹರಡುವ ರಕ್ತದ ರೋಗಗಳೂ ಇವೆ. ಕೊಟ್ಟಿಗೆಯಲ್ಲೇ ಸಾಕುವವರಿಗೆ ನಾನು ಒತ್ತಿ ಹೇಳುವುದು ಮಾತ್ರ ತಾಮ್ರದ ವಿಷಯ.

ಕುರಿಗೆ ತಾಮ್ರ ಬೇಕು, ಆದರೆ ಬಹಳ ಕಡಿಮೆ. ಹಸು, ಮೇಕೆ ತಡೆದುಕೊಳ್ಳುವಷ್ಟನ್ನು ಕುರಿ ತಡೆಯುವುದಿಲ್ಲ. ಒಣ ಆಹಾರದ (ನೀರಿನಂಶ ಕಳೆದ ಲೆಕ್ಕ) ಒಂದು ಕೆಜಿಯಲ್ಲಿ 7ರಿಂದ 10 ಮಿಲಿಗ್ರಾಂ ಸಾಕು, 15 ದಾಟಿ ತಿಂಗಳುಗಟ್ಟಲೆ ತಿಂದರೆ ಅಪಾಯ. ಈಗ ಮೂಲೆಯಲ್ಲಿರುವ ಹಸುವಿನ ಖನಿಜ ಮಿಶ್ರಣದ ಚೀಟಿ ಓದಿ. ತಾಮ್ರ ಶೇಕಡಾ 0.1 ಎಂದಿದ್ದರೆ 20 ಗ್ರಾಂ ಪುಡಿಯಲ್ಲಿ 20 ಮಿಲಿಗ್ರಾಂ ತಾಮ್ರ ಇರುತ್ತದೆ. ದಿನಕ್ಕೆ ಒಂದು ಕೆಜಿಯೂ ಒಣ ಆಹಾರ ತಿನ್ನದ ಮರಿಗೆ ಅದನ್ನು ಕೊಟ್ಟರೆ ಪುಡಿಯಿಂದಲೇ ಮಿತಿ ದಾಟಿತು. ಕೋಳಿ ಫಾರಂನ ಹಳೆ ತಿಂಡಿ, ಕೋಳಿ ಗೊಬ್ಬರ, ಹಂದಿಯ ತಿಂಡಿ ಇವುಗಳಲ್ಲೂ ತಾಮ್ರ ಜಾಸ್ತಿ ಇರುತ್ತದೆ.

ಈ ತಾಮ್ರ ಸದ್ದಿಲ್ಲದೆ ಈಲಿಯಲ್ಲಿ ಕೂಡುತ್ತಾ ಹೋಗುತ್ತದೆ. ಮರಿ ಲವಲವಿಕೆಯಿಂದಲೇ ಇರುತ್ತದೆ. ಆಮೇಲೆ ಒಂದು ದಿನ ಪ್ರಯಾಣದ ಆಯಾಸಕ್ಕೋ ಮೇವಿನ ಬದಲಾವಣೆಗೋ ಈಲಿ ಅದನ್ನೆಲ್ಲ ಒಮ್ಮೆಲೇ ರಕ್ತಕ್ಕೆ ಬಿಡುತ್ತದೆ. ರಕ್ತಕಣ ಒಡೆಯುತ್ತವೆ, ಕಣ್ಣು ಹಳದಿಯಾಗುತ್ತದೆ, ಗಂಜಲ ಕಂದುಗೆಂಪಾಗುತ್ತದೆ, ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಒಳಗೆ ಮೂತ್ರಪಿಂಡ ಕಪ್ಪು ನೀಲಿ ಲೋಹದ ಬಣ್ಣಕ್ಕೆ ತಿರುಗಿರುತ್ತದೆ. ಒಂದು ಮರಿಯಲ್ಲಿ ಇದು ಕಂಡರೆ ಅದೇ ತಿಂಡಿ ತಿಂದ ಉಳಿದವೂ ಸಾಲಿನಲ್ಲಿವೆ. ಆ ಪುಡಿಯನ್ನು ಅವತ್ತೇ ನಿಲ್ಲಿಸಿ, ಪಶುವೈದ್ಯರನ್ನು ಕರೆಸಿ. ಉಳಿದವುಗಳನ್ನು ಅಟ್ಟಾಡಿಸಬೇಡಿ, ಗಾಡಿ ಹತ್ತಿಸಬೇಡಿ.

ವಾಸನೆ, ಮತ್ತು ಇನ್ನು ಕೆಲವು

ಬೆಳೆದ ಟಗರಿನ ವಾಸನೆ ಅದರ ಕೊಬ್ಬಿನಲ್ಲಿ ಇರುತ್ತದೆ. ಒಂದು ಚೂರು ಕೊಬ್ಬನ್ನು ಬಿಸಿ ಹೆಂಚಿನ ಮೇಲೆ ಹಾಕಿ ಮೂಸಿದರೆ ತಿಳಿಯುತ್ತದೆ. ವರ್ಷ ದಾಟುವ ಮುಂಚೆ ಮಾರಿ, ಇಲ್ಲವೇ ಚಿಕ್ಕದರಲ್ಲೇ ಬೀಜ ಒಡೆಸಿ. ಕೊಬ್ಬಿನಲ್ಲಿ ಇಲ್ಲದೆ ಮಾಂಸದ ಮೇಲ್ಮೈಯಲ್ಲಿ ಮಾತ್ರ ವಾಸನೆ ಇದ್ದರೆ, ಸುಲಿಯುವಾಗ ಉಣ್ಣೆ ಮುಟ್ಟಿದ ಕೈಯಲ್ಲೇ ಮಾಂಸ ಮುಟ್ಟಿದ್ದಾರೆ. ಬೆಲೆ ಬಿದ್ದಾಗ ಚಿತ್ರದುರ್ಗದ ಕಡೆ ಈರುಳ್ಳಿ ಕುರಿಗೆ ಹಾಕುವುದುಂಟು. ಜಾಸ್ತಿಯಾದರೆ ರಕ್ತ ಕೆಡುತ್ತದೆ, ಮಾಂಸಕ್ಕೂ ವಾಸನೆ ಹಿಡಿಯಬಹುದು. ಮಾರುವ ಒಂದು ವಾರ ಮುಂಚೆ ನಿಲ್ಲಿಸಿ.

ಮಾಂಸಕ್ಕೆ ಗಂಜಲದ ವಾಸನೆ ಬಂದರೆ ಮೂತ್ರದ ಕಲ್ಲು ಇದ್ದಿರಬಹುದು. ಬೂಸಾದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಸುಣ್ಣದಂಶ (ಕ್ಯಾಲ್ಸಿಯಂ) ಕಡಿಮೆ. ಅದನ್ನೇ ಮುಖ್ಯ ತಿಂಡಿ ಮಾಡಿದರೆ ಟಗರುಗಳಿಗೆ ಕಲ್ಲು ಕಟ್ಟುತ್ತದೆ. ಸುಣ್ಣದಂಶ ರಂಜಕದ ಎರಡರಷ್ಟು ಇರಬೇಕು. ಬಾಲ ಅಲ್ಲಾಡಿಸುತ್ತಾ ತಿಣುಕುವ, ಹನಿ ಹನಿ ಬಿಡುವ ಟಗರು ಕಂಡರೆ ಅದೇ ಗಂಟೆಯಲ್ಲಿ ಡಾಕ್ಟರಿಗೆ ತೋರಿಸಿ.

ತೊಡೆಯಲ್ಲಿ ಕೀವುಗಡ್ಡೆ ಸಿಕ್ಕರೆ ಅದು ಹೆಚ್ಚಾಗಿ ಇಂಜೆಕ್ಷನ್ ಗುರುತು. ಮುಂದೆ ಕುತ್ತಿಗೆಗೆ ಹಾಕಿಸಿ. ಮಾಂಸದಲ್ಲಿ, ಈಲಿಯಲ್ಲಿ ನೀರುಗುಳ್ಳೆ ಕಂಡರೆ ಅದರ ಮೂಲ ನಾಯಿ. ಹಟ್ಟಿಯ ನಾಯಿಗೆ ಹಸಿ ಈಲಿ, ಶ್ವಾಸಕೋಶ ಎಸೆಯುವುದನ್ನು ನಿಲ್ಲಿಸಿ, ಅದಕ್ಕೂ ಜಂತುಹುಳುವಿನ ಮಾತ್ರೆ ಕೊಡಿ.

ಕಾರಣ ಸಿಗದಿದ್ದರೆ ಬರಿಗೈಯಲ್ಲಿ ಆಸ್ಪತ್ರೆಗೆ ಹೋಗಬೇಡಿ. ಅರ್ಧ ಕೆಜಿ ಕೈತಿಂಡಿ, ಖನಿಜ ಮಿಶ್ರಣದ ಚೀಟಿ, ಎರಡು ಮೂರು ಮರಿಗಳ ಹೊಸ ಲದ್ದಿ, ಕುಯ್ದ ಮೈಯ ಫೋಟೋ ಒಯ್ಯಿರಿ. ಫೋಟೋ ಹಗಲ ಬೆಳಕಿನಲ್ಲಿ ತೆಗೆದಿರಬೇಕು, ಬಲ್ಬಿನ ಬೆಳಕಿಗೆ ಬಿಳಿ ಕೊಬ್ಬೂ ಹಳದಿ ಕಾಣುತ್ತದೆ. ಮರಿ ಸತ್ತರೆ ಹೂಳುವ ಮುಂಚೆ ಮರಣೋತ್ತರ ಪರೀಕ್ಷೆ ಮಾಡಿಸಿ. ಬೇಕಾದರೆ ವೈದ್ಯರು ಮಾದರಿಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಕಳಿಸುತ್ತಾರೆ. ಆಸ್ಪತ್ರೆ ದೂರ ಇದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶುಚಿಕಿತ್ಸಾ ವಾಹನ ಹಟ್ಟಿಗೇ ಬರುತ್ತದೆ.